ಡಬ್ಬದ ಮೇಲಿನ ಹೆಸರು, ಡಬ್ಬದೊಳಗಿನ ವಸ್ತು

ಕಲೆ–ಕರಕುಶಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಾಮಗ್ರಿಗಳ ಹೆಸರಿನ ಗೊಂದಲದವು. ಅಂಗಡಿಯವರು ಒಂದು ಹೇಳುತ್ತಾರೆ, ಕಲಿಸುವ ಮೇಷ್ಟ್ರು ಇನ್ನೊಂದು ಹೇಳುತ್ತಾರೆ, ಯೂಟ್ಯೂಬಿನಲ್ಲಿ ಮೂರನೆಯದು ಸಿಗುತ್ತದೆ. ಬಣ್ಣದ ವಿಷಯದಲ್ಲಂತೂ ನನ್ನದು ಒಂದೇ ಹಟ. ಹೆಸರು ಏನಾದರೂ ಇರಲಿ, ಪುಡಿಯನ್ನು ಹಿಡಿದಿಟ್ಟಿರುವ ಅಂಟು ಯಾವುದು ಅಂತ ಮೊದಲು ಕೇಳಿ. ಅದು ಗೊತ್ತಾದರೆ ಮಿಕ್ಕಿದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೈಸೂರು ಶೈಲಿಯ ಚಿತ್ರಕಲೆ ತರಗತಿಗೆ ಸೇರಿದ್ದೇನೆ. ‘ಗೆಸ್ಸೊ ಬೇಕಾಗುತ್ತೆ’ ಅಂದರು. ಅಂಗಡಿಯಲ್ಲಿ ಗೆಸ್ಸೊ ಎಂದು ದೊಡ್ಡದಾಗಿ ಬರೆದ ಡಬ್ಬ ಕೊಟ್ಟರು, ಸಾಕಷ್ಟು ದುಬಾರಿ. ತರಗತಿಯಲ್ಲಿ ತೋರಿಸಿದರೆ ‘ಇದಲ್ಲಮ್ಮ’ ಎಂದು ವಾಪಸ್ ಕೊಟ್ಟರು. ಮೋಸ ಹೋದೆನೇ?
— ಗೃಹಿಣಿ, ದಾವಣಗೆರೆ

ಮೋಸವೇನೂ ಆಗಿಲ್ಲ. ಒಂದೇ ಹೆಸರಿನ ಎರಡು ಬೇರೆ ಪದಾರ್ಥಗಳ ನಡುವೆ ಸಿಕ್ಕಿಕೊಂಡಿದ್ದೀರಿ.

ನೀವು ತಂದದ್ದು ಕ್ಯಾನ್ವಾಸಿಗೆ ಬಳಿಯುವ ತಳಲೇಪ. ಯುರೋಪಿನ ಹಳೆಯ ಕಲಾವಿದರು ಸೀಮೆಸುಣ್ಣದ ಪುಡಿಯನ್ನೋ ಜಿಪ್ಸಮ್ಮನ್ನೋ ಪ್ರಾಣಿಗಳ ಚರ್ಮದಿಂದ ತೆಗೆದ ಸರೇಸಿನಲ್ಲಿ ಕಲಸಿ ಹಲಗೆಗೆ ಬಳಿಯುತ್ತಿದ್ದರು. ಈಗಿನ ಡಬ್ಬದಲ್ಲಿ ಸರೇಸಿನ ಜಾಗಕ್ಕೆ ಅಕ್ರಿಲಿಕ್ ಬಂದಿದೆ. ಅದರ ಕೆಲಸ ಇಷ್ಟೇ: ಮೇಲೆ ಬರುವ ಬಣ್ಣಕ್ಕೆ ಹಿಡಿತ ಕೊಡುವುದು, ಬಟ್ಟೆ ಎಣ್ಣೆ ಕುಡಿಯದಂತೆ ತಡೆಯುವುದು.

ನಿಮ್ಮ ಗುರುಗಳು ಕೇಳಿದ್ದು ಬಳಿಯುವ ವಸ್ತುವಲ್ಲ, ಬರೆಯುವ ವಸ್ತು. ಮೈಸೂರು ಚಿತ್ರದಲ್ಲಿ ದೇವಿಯ ಕಿರೀಟ, ಕಾಸಿನ ಸರ, ಸೀರೆಯಂಚಿನ ಬಳ್ಳಿ, ಮಂಟಪದ ಕಂಬ ಇವೆಲ್ಲ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತವಲ್ಲ, ಅದು ಗೆಸ್ಸೊ ಕೆಲಸ. ಸಂಪ್ರದಾಯದಲ್ಲಿ ಸೀಸದ ಬಿಳಿ ಪುಡಿ, ಅಂದರೆ ಸಫೇದು, ಅದಕ್ಕೆ ರೇವಲಚಿನ್ನಿಯ ಹಳದಿ ಅಂಟುಹಾಲು ಮತ್ತು ಗೋಂದು ಸೇರಿಸಿ ಅರೆಯುತ್ತಿದ್ದರು. ಹದ ಸಿಕ್ಕುವುದೇ ಕಷ್ಟ. ತೆಳ್ಳಗಾದರೆ ಗೆರೆ ಕೂತುಬಿಡುತ್ತದೆ, ಉಬ್ಬುವುದಿಲ್ಲ. ಗಟ್ಟಿಯಾದರೆ ಕುಂಚದ ತುದಿ ಬಿಟ್ಟು ಇಳಿಯುವುದೇ ಇಲ್ಲ. ಸಣ್ಣ ಕುಂಚದಲ್ಲಿ ಒಂದರ ಪಕ್ಕ ಒಂದು ಚುಕ್ಕಿ ಇಡುತ್ತ ಮುತ್ತಿನ ಸಾಲು ಬರೆಯಬೇಕು. ಒಣಗಿದ ಮೇಲೆ ತೆಳುವಾಗಿ ಅಂಟು ಸವರಿ ಚಿನ್ನದ ರೇಕು ಹೊದಿಸಿ, ಹತ್ತಿಯಿಂದ ಮೆಲ್ಲಗೆ ಒತ್ತಬೇಕು. ಅಂಟು ಇದ್ದಲ್ಲಿ ಚಿನ್ನ ನಿಲ್ಲುತ್ತದೆ, ಇಲ್ಲದಲ್ಲಿ ಒರೆಸಿದರೆ ಬರುತ್ತದೆ. ಚಿತ್ರ ಮುಗಿದ ಮೇಲೆ ತೆಳು ಕಾಗದ ಹಾಸಿ ನುಣುಪು ಕಲ್ಲಿನಿಂದ ಉಜ್ಜುವುದೂ ಉಂಟು. ಚಿನ್ನಕ್ಕೂ ಬಣ್ಣಕ್ಕೂ ಒಂದೇ ಬಗೆಯ ಹೊಳಪು ಬರುವುದು ಆಗ.

ಇದನ್ನೇ ತಂಜಾವೂರು ಚಿತ್ರದ ಪಕ್ಕ ಇಟ್ಟು ನೋಡಿ. ಅಲ್ಲಿ ಉಬ್ಬು ದಪ್ಪ, ಗಾಜಿನ ಹರಳು ಕೂರಿಸುತ್ತಾರೆ, ಚಿನ್ನ ಎದ್ದು ಕಾಣುತ್ತದೆ. ಮೈಸೂರಿನದು ತಗ್ಗಿದ ದನಿ. ಹರಳಿಲ್ಲ, ಉಬ್ಬು ಕಣ್ಣಿಗಿಂತ ಬೆರಳಿಗೆ ಹೆಚ್ಚು ಗೊತ್ತಾಗುತ್ತದೆ. ಅಂಗಡಿಗಳಲ್ಲಿ ಮೈಸೂರು ಚಿತ್ರವೆಂದು ಮಾರುವ ಎಷ್ಟೋ ಚಿತ್ರಗಳಲ್ಲಿ ಈಗ ತಂಜಾವೂರಿನ ದಪ್ಪ ಉಬ್ಬೇ ಕಾಣುತ್ತದೆ. ಕೊಳ್ಳುವವರಿಗೆ ಅದೇ ಇಷ್ಟ ಎನ್ನುತ್ತಾರೆ. ನನಗೇನೋ ಹಿಡಿಸುವುದಿಲ್ಲ.

ಎರಡು ಎಚ್ಚರಿಕೆ. ಸೀಸದ ಸಫೇದು ವಿಷ. ಮನೆಯಲ್ಲಿ ಅರೆಯುವ ಸಾಹಸ ಬೇಡ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಈಗ ಬಹಳ ಕಲಾವಿದರು ಸತುವಿನ ಬಿಳಿ ಪುಡಿ, ಅಂದರೆ ಜಿಂಕ್ ಆಕ್ಸೈಡ್ ಬಳಸುತ್ತಾರೆ. ನಿಮ್ಮ ಗುರುಗಳ ಮಿಶ್ರಣ ಯಾವುದೆಂದು ಕೇಳಿಕೊಳ್ಳಿ. ಇನ್ನೊಂದು, ಅಗ್ಗಕ್ಕೆ ಸಿಗುವ ‘ಇಮಿಟೇಷನ್’ ರೇಕಿನಲ್ಲಿ ಚಿನ್ನ ಇರುವುದಿಲ್ಲ, ತಾಮ್ರ ಮತ್ತು ಸತುವಿನ ಮಿಶ್ರಣ ಇರುತ್ತದೆ. ಮೇಲೆ ವಾರ್ನಿಷ್ ಹಚ್ಚದಿದ್ದರೆ ಬರಬರುತ್ತ ಕಪ್ಪಿಡುತ್ತದೆ. ಅಭ್ಯಾಸಕ್ಕೆ ಸಾಕು, ಪೂಜೆ ಕೋಣೆಯ ಚಿತ್ರಕ್ಕೆ ಬೇಡ.

ತಂದ ಡಬ್ಬ ಎಸೆಯಬೇಡಿ. ಕ್ಯಾನ್ವಾಸಿಗೆ ಅಡ್ಡಲಾಗಿ ಒಂದು ಕೋಟು ಹೊಡೆದು, ಒಣಗಿದ ಮೇಲೆ ನಯವಾದ ಉಪ್ಪುಕಾಗದ ಆಡಿಸಿ, ಉದ್ದಕ್ಕೆ ಇನ್ನೊಂದು ಕೋಟು ಹೊಡೆಯಿರಿ. ಅಕ್ರಿಲಿಕ್ಕಿಗೂ ಆಗುತ್ತದೆ, ತೈಲವರ್ಣಕ್ಕೂ ಆಗುತ್ತದೆ.

ಒಂಬತ್ತು ವರ್ಷದ ಮೊಮ್ಮಗಳಿಗೆ ಬಣ್ಣ ಕೊಡಿಸಲು ಹೋದೆ. ವಾಟರ್ ಕಲರ್, ಪೋಸ್ಟರ್ ಕಲರ್, ಗ್ವಾಶ್, ಅಕ್ರಿಲಿಕ್ ಎಂದು ನಾಲ್ಕು ಥರ ತೋರಿಸಿದರು. ನಾಲ್ಕನ್ನೂ ನೀರಿನಲ್ಲೇ ಕಲಸುವುದಂತೆ. ಹಾಗಾದರೆ ವ್ಯತ್ಯಾಸವೇನು? ಒಂದೇ ನೀಲಿ ಬಣ್ಣದ ಟ್ಯೂಬುಗಳಲ್ಲಿ ಬೆಲೆ ನಾಲ್ಕೈದು ಪಟ್ಟು ಹೆಚ್ಚುಕಮ್ಮಿ ಏಕೆ?
— ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಬಣ್ಣ ಎಂದರೆ ಒಂದು ಪುಡಿ, ಒಂದು ಅಂಟು. ನಾಲ್ಕು ಟ್ಯೂಬಿನಲ್ಲೂ ಪುಡಿ ಒಂದೇ ಇರಬಹುದು. ಅಂಟಿನಲ್ಲಿ, ಅಳತೆಯಲ್ಲಿ ವ್ಯತ್ಯಾಸ.

ವಾಟರ್ ಕಲರ್‌ನಲ್ಲಿರುವುದು ಅರೇಬಿಕ್ ಗೋಂದು, ಆಫ್ರಿಕಾದ ಜಾಲಿ ಜಾತಿಯ ಮರದ ಅಂಟು. ಬಣ್ಣ ತೆಳ್ಳಗೆ, ಪಾರದರ್ಶಕ. ಕಾಗದದ ಬಿಳಿಯೇ ಅದರ ಬೆಳಕು. ಗ್ವಾಶ್‌ನಲ್ಲೂ ಅದೇ ಗೋಂದು, ಆದರೆ ಪುಡಿ ಹೆಚ್ಚು, ಕೆಲವು ಕಂಪನಿಗಳು ಸೀಮೆಸುಣ್ಣವನ್ನೂ ಸೇರಿಸುತ್ತವೆ. ಆದ್ದರಿಂದ ಕೆಳಗಿನದನ್ನು ಮುಚ್ಚುತ್ತದೆ, ಮಬ್ಬಾಗಿ ಒಣಗುತ್ತದೆ. ಪೋಸ್ಟರ್ ಕಲರ್ ಗ್ವಾಶ್‌ನ ಬಡ ನೆಂಟ. ಅಕ್ರಿಲಿಕ್ಕಿನ ದಾರಿಯೇ ಬೇರೆ. ಅದರ ಅಂಟು ನೀರಿನಲ್ಲಿ ತೇಲಾಡುವ ಪ್ಲಾಸ್ಟಿಕ್. ನೀರು ಆರಿತೆಂದರೆ ಪ್ಲಾಸ್ಟಿಕ್ ಪೊರೆ ಉಳಿಯುತ್ತದೆ, ಮತ್ತೆ ನೀರಿಗೆ ಕರಗುವುದಿಲ್ಲ. ಗುರುತು ಹಿಡಿಯಲು ಒಣಗಿದ ಬಣ್ಣದ ಮೇಲೆ ಒದ್ದೆ ಬೆರಳು ಆಡಿಸಿ ಸಾಕು. ಬೆರಳಿಗೆ ಬಂದರೆ ಗೋಂದಿನದು, ಬರದಿದ್ದರೆ ಅಕ್ರಿಲಿಕ್. ಅಕ್ರಿಲಿಕ್ ಮುಗಿದ ತಕ್ಷಣ ಕುಂಚ ತೊಳೆಯಬೇಕು. ಊಟ ಮುಗಿಸಿ ಬಂದು ತೊಳೆಯುತ್ತೇನೆಂದರೆ ಕುಂಚದ ಕತೆ ಮುಗಿಯಿತು. ಬಟ್ಟೆಗೆ ಬಿದ್ದರೂ ಅಷ್ಟೇ.

ಬೆಲೆಯ ವಿಷಯಕ್ಕೆ ಟ್ಯೂಬ್ ತಿರುಗಿಸಿ ಹಿಂದೆ ನೋಡಿ. ‘ಪಿಬಿ 29’ ಎಂದಿದ್ದರೆ ಅದು ಅಲ್ಟ್ರಾಮರೀನ್ ನೀಲಿ. ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಗಣಿಯಿಂದ ಬಂದ ಕಲ್ಲನ್ನು ಅರೆದು ತೆಗೆಯುತ್ತಿದ್ದ ಬಣ್ಣ. 1828ರ ಹೊತ್ತಿಗೆ ಯುರೋಪಿನಲ್ಲಿ ಕೃತಕವಾಗಿ ಮಾಡುವುದನ್ನು ಕಲಿತ ಮೇಲೆ ಅಗ್ಗವಾಯಿತು. ಬಿಳಿ ಬಟ್ಟೆಗೆ ಅಮ್ಮಂದಿರು ಹಾಕುತ್ತಿದ್ದ ನೀಲಿ ಪುಡಿಯೂ ಇದೇ ಜಾತಿಯದು. ಕೋಬಾಲ್ಟ್, ಕ್ಯಾಡ್ಮಿಯಂ ಈಗಲೂ ದುಬಾರಿ. ಹಾಗಾಗಿ ಅದೇ ಛಾಯೆಯನ್ನು ಬೇರೆ ಅಗ್ಗದ ಪುಡಿಯಿಂದ ಹೊಂದಿಸಿ, ಹೆಸರಿನ ಮುಂದೆ ‘ಹ್ಯೂ’ ಎಂದು ಸಣ್ಣಕ್ಷರದಲ್ಲಿ ಸೇರಿಸುತ್ತಾರೆ. ‘ಕ್ಯಾಡ್ಮಿಯಂ ಯೆಲ್ಲೋ ಹ್ಯೂ’ ಎಂದರೆ ಅದರಲ್ಲಿ ಕ್ಯಾಡ್ಮಿಯಂ ಇಲ್ಲವೆಂದೇ ಅರ್ಥ. ಮಕ್ಕಳ ಕೈಗೆ ಇದೇ ಒಳ್ಳೆಯದು, ಕ್ಯಾಡ್ಮಿಯಂ ವಿಷದ ಲೋಹ.

ಮೊಮ್ಮಗಳಿಗೆ ಇಪ್ಪತ್ನಾಲ್ಕು ಬಣ್ಣದ ದೊಡ್ಡ ಪೆಟ್ಟಿಗೆ ಬೇಡ. ಎರಡು ಹಳದಿ, ಎರಡು ಕೆಂಪು, ಎರಡು ನೀಲಿ, ಇಷ್ಟು ಟ್ಯೂಬು ಕೊಡಿಸಿ. ಹಸಿರನ್ನು ಅವಳೇ ಮಾಡಿಕೊಳ್ಳಲಿ. ಮಿಕ್ಕ ದುಡ್ಡನ್ನು ಕಾಗದಕ್ಕೆ ಹಾಕಿ. ಜೆರಾಕ್ಸ್ ಕಾಗದ 70–80 ಜಿಎಸ್‌ಎಂ ಇರುತ್ತದೆ, ನೀರು ಬಿದ್ದರೆ ಹಪ್ಪಳದ ಹಾಗೆ ಸುರುಟುತ್ತದೆ. 300 ಜಿಎಸ್‌ಎಂ ತನ್ನಿ. ಮಕ್ಕಳ ಚಿತ್ರ ಕೆಡುವುದು ಬಣ್ಣದಿಂದಲ್ಲ, ಹೆಚ್ಚಾಗಿ ಕಾಗದದಿಂದ.

ಮಕ್ಕಳನ್ನು ಬಾದಾಮಿಗೆ ಪ್ರವಾಸ ಕರೆದೊಯ್ದಿದ್ದೆವು. ಮೂರನೇ ಗುಹೆಯ ಚಿತ್ರಗಳನ್ನು ಗೈಡ್ ‘ಫ್ರೆಸ್ಕೊ’ ಎಂದರು. ನಮ್ಮ ಪುಸ್ತಕವೊಂದರಲ್ಲಿ ‘ಟೆಂಪೆರಾ’ ಎಂದಿದೆ. ಮಕ್ಕಳಿಗೆ ಯಾವುದನ್ನು ಹೇಳಲಿ?
— ಪ್ರೌಢಶಾಲಾ ಶಿಕ್ಷಕಿ, ಬಾಗಲಕೋಟೆ

‘ಭಿತ್ತಿಚಿತ್ರ’ ಎನ್ನಿ, ಯಾವತ್ತೂ ತಪ್ಪಾಗುವುದಿಲ್ಲ. ಗೋಡೆಯ ಮೇಲಿನ ಚಿತ್ರವನ್ನೆಲ್ಲ ಫ್ರೆಸ್ಕೊ ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ನಿಜವಾದ ಫ್ರೆಸ್ಕೊದಲ್ಲಿ ಬಣ್ಣಕ್ಕೆ ಅಂಟನ್ನೇ ಹಾಕುವುದಿಲ್ಲ. ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿ ಇರುವಾಗಲೇ ಬರೀ ನೀರಿನಲ್ಲಿ ಕಲಸಿದ ಪುಡಿಯಿಂದ ಬರೆಯುತ್ತಾರೆ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದಲ್ಲ, ಆಗ ಬಣ್ಣದ ಕಣಗಳೂ ಅದರೊಳಗೇ ಸೆರೆಯಾಗುತ್ತವೆ. ಗಾರೆ ಒಣಗುವುದರೊಳಗೆ ಮುಗಿಸಬೇಕಾದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಲಾದೀತೋ ಅಷ್ಟೇ ಜಾಗಕ್ಕೆ ಗಾರೆ ಹಾಕುತ್ತಾರೆ. ಮೈಕೆಲೇಂಜೆಲೊ 1508ರಿಂದ 1512ರವರೆಗೆ ಸಿಸ್ಟೀನ್ ಚಾಪೆಲ್‌ನ ಚಾವಣಿ ಬರೆದದ್ದು ಹೀಗೆ, ತುಂಡು ತುಂಡಾಗಿ. ತಿದ್ದಬೇಕೆಂದರೆ ಗಾರೆ ಕೆತ್ತಿ ತೆಗೆಯಬೇಕು. ಲಿಯೊನಾರ್ಡೊಗೆ ಈ ಅವಸರ ಒಗ್ಗುತ್ತಿರಲಿಲ್ಲ. ‘ಕೊನೆಯ ಭೋಜನ’ವನ್ನು ಒಣ ಗೋಡೆಯ ಮೇಲೆ ನಿಧಾನವಾಗಿ ಬರೆದ, ಕೆಲವೇ ದಶಕಗಳಲ್ಲಿ ಅದು ಉದುರತೊಡಗಿತು.

ಅಜಂತಾದಲ್ಲಿ ಮಾಡಿದ್ದು ಒಣ ಗೋಡೆಯ ಕೆಲಸ. ಕಲ್ಲಿನ ಮೇಲೆ ಹೊಟ್ಟು, ನಾರು ಬೆರೆಸಿದ ಮಣ್ಣಿನ ಗಾರೆ, ಅದರ ಮೇಲೆ ತೆಳುವಾದ ಸುಣ್ಣ. ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣ. ಇದನ್ನೇ ನಿಮ್ಮ ಪುಸ್ತಕ ಟೆಂಪೆರಾ ಎನ್ನುತ್ತಿರುವುದು. ಬಾದಾಮಿಯ ಚಿತ್ರಗಳೂ ಆ ಪರಂಪರೆಯವೇ. ಅಂಟಿನ ಬಣ್ಣಕ್ಕೆ ತೇವವೇ ಶತ್ರು. ಮೂರನೇ ಗುಹೆಯಲ್ಲಿ ಮಂಗಳೇಶ ಬರೆಸಿದ ಶಾಸನ ಇದೆ, ಕ್ರಿ.ಶ. 578ರದು, ಅಷ್ಟು ಹಳೆಯ ಗುಹೆಯ ಕಪೋತದ, ಅಂದರೆ ಮುಂಚಾಚಿದ ಸೂರಿನ, ಒಳಮೈಯಲ್ಲಿ ಈಗ ಚೂರುಪಾರು ಉಳಿದಿರುವುದೇ ದೊಡ್ಡದು. ಮುಂದಿನ ಸಲ ಮಕ್ಕಳಿಗೆ ಹೇಳಿ: ಮುಟ್ಟಬಾರದು ಎನ್ನುವುದು ಬರೀ ಶಿಸ್ತಿನ ಮಾತಲ್ಲ, ಬೆರಳಿನ ಬೆವರೂ ಆ ಬಣ್ಣಕ್ಕೆ ಹೆಚ್ಚಾಗುತ್ತದೆ.

ಮಗುವಿಗೆ ಚನ್ನಪಟ್ಟಣದ ಬೊಂಬೆ ತರಿಸಬೇಕೆಂದಿದ್ದೇನೆ. ಆನ್‌ಲೈನಿನಲ್ಲಿ ಒಬ್ಬರು ‘ಲ್ಯಾಕ್’, ಒಬ್ಬರು ‘ಲ್ಯಾಕರ್’, ಇನ್ನೊಬ್ಬರು ‘ಶೆಲ್ಯಾಕ್ ಪಾಲಿಶ್’ ಎಂದು ಬರೆದಿದ್ದಾರೆ. ಮೂರೂ ಒಂದೇನಾ? ಮಗು ಎಲ್ಲವನ್ನೂ ಬಾಯಿಗಿಡುವ ವಯಸ್ಸು.
— ಸಾಫ್ಟ್‌ವೇರ್ ಉದ್ಯೋಗಿ, ಪುಣೆ

ಮೊದಲನೆಯದೂ ಮೂರನೆಯದೂ ಒಂದೇ ಮನೆತನ, ನಡುವಿನದರ ಮೇಲೆ ಕಣ್ಣಿಡಿ.

ಲ್ಯಾಕ್ ಎಂದರೆ ನಮ್ಮ ಅರಗು. ಮುತ್ತುಗ, ಸಗದೆ, ಎಲಚಿಯಂಥ ಮರಗಳ ಎಳೆ ಕೊಂಬೆಯ ಮೇಲೆ ಕೂತು ರಸ ಹೀರುವ ಹುಳು ತನ್ನ ಸುತ್ತ ಕಟ್ಟಿಕೊಳ್ಳುವ ರಾಳ. ಅದನ್ನು ಶುದ್ಧಮಾಡಿ ತೆಳು ಹಾಳೆಯಾಗಿಸಿದರೆ ಚಪಡಾ, ಅಂದರೆ ಶೆಲ್ಯಾಕ್. ಬಡಗಿಗಳು ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಉಜ್ಜುವುದೇ ಫ್ರೆಂಚ್ ಪಾಲಿಶ್. ಮಾತ್ರೆಗಳ ಹೊರಲೇಪಕ್ಕೂ ಈ ಚಪಡಾ ಬಳಸುವುದುಂಟು. ‘ಲ್ಯಾಕರ್’ ಎಂಬ ಹೆಸರು ಮಾತ್ರ ಊರೆಲ್ಲ ಸುತ್ತಿದೆ. ಜಪಾನಿನ ಲ್ಯಾಕರ್ ಮರದ ಹಾಲು, ಹುಳುವಿಗೂ ಅದಕ್ಕೂ ಸಂಬಂಧವಿಲ್ಲ. ಪೀಠೋಪಕರಣದವರ ಲ್ಯಾಕರ್ ನೈಟ್ರೋಸೆಲ್ಯುಲೋಸ್‌ನಿಂದ ಮಾಡಿ ಥಿನ್ನರ್ ಹಾಕಿ ಸ್ಪ್ರೇ ಮಾಡುವ ಲೇಪ.

ಚನ್ನಪಟ್ಟಣದ ಕೆಲಸದಲ್ಲಿ ಕುಂಚವೂ ಇಲ್ಲ, ಸ್ಪ್ರೇಯೂ ಇಲ್ಲ. ಆಲೆ ಮರದ ತುಂಡು ಲೇತ್‌ನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ಹಿಡಿದು ಆಕಾರ ತೆಗೆದ ಮೇಲೆ ಬಣ್ಣ ಸೇರಿಸಿ ಮಾಡಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆದರೆ ಪಟ್ಟೆ ಪಟ್ಟೆಯಾಗಿ, ಒರಟಾಗಿ. ಆಗ ಒಣಗಿದ ಕೇದಗೆಯ ಎಲೆ ಮಡಿಸಿ ಒತ್ತಿ ಹಿಡಿಯುತ್ತಾರೆ. ನೋಡನೋಡುತ್ತಿದ್ದಂತೆ ಪಟ್ಟೆಗಳು ಕೂಡಿಕೊಂಡು ಕನ್ನಡಿಯಂತಾಗುತ್ತವೆ. ಒಣಗಲು ಕಾಯಬೇಕಿಲ್ಲ, ಲೇತ್‌ನಿಂದ ಇಳಿಸಿದರೆ ಬೊಂಬೆ ತಯಾರು.

ಪರೀಕ್ಷೆ ಬೇಕೆಂದರೆ ಬೊಂಬೆಯ ತಳದಲ್ಲಿ, ಕಾಣದ ಕಡೆ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ತಿಕ್ಕಿ. ಅರಗು ಸ್ಪಿರಿಟ್ಟಿಗೆ ಅಂಟಂಟಾಗಿ ಬಣ್ಣ ಬಿಡುತ್ತದೆ. ಸ್ಪ್ರೇ ಮಾಡಿದ ಲ್ಯಾಕರ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ, ಅದಕ್ಕೆ ಥಿನ್ನರ್ರೇ ಬೇಕು. ಆದರೆ ಅರಗು ಸಾಚಾ ಎಂದ ಮಾತ್ರಕ್ಕೆ ಒಳಗಿನ ಬಣ್ಣವೂ ಸಾಚಾ ಎನ್ನಲಾಗದು. ಅರಿಸಿನ, ನೀಲಿಗಿಡದಂಥ ಸಸ್ಯದ ಬಣ್ಣವೇ, ಅಥವಾ ಆಟಿಕೆಗೆ ತಕ್ಕದ್ದೆಂದು ಪರೀಕ್ಷೆಯಾದ ಬಣ್ಣವೇ ಎಂದು ಮಾರುವವರನ್ನು ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಬಿಡಿ, ಬೇರೆ ಕಡೆ ಕೊಳ್ಳಿ. ಮತ್ತೆ, ಅರಗಿನ ತಟ್ಟೆ ಮೇಲೆ ಬಿಸಿ ಕಾಫಿ ಲೋಟ ಇಡಬೇಡಿ, ಬಿಳಿ ಉಂಗುರ ಬೀಳುತ್ತದೆ.

ಮದುವೆಗೆ ಬಂದ ಬಿದರಿ ಹೂದಾನಿ ಮಂಕಾಗಿದೆ ಎಂದು ಮನೆಯಾಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಬೆಳ್ಳಿ ಹೊಳೆಯಿತು, ಕಪ್ಪೆಲ್ಲ ಬೂದಿ ಬಣ್ಣವಾಯಿತು. ಕಪ್ಪು ಪೇಂಟ್ ತಂದು ಬಳಿಯಲೇ?
— ಓದುಗರು, ಕಲಬುರಗಿ

ಬೇಡ, ಖಂಡಿತ ಬೇಡ. ಆ ಕಪ್ಪು ಪೇಂಟ್ ಅಲ್ಲ. ಬಿದರಿಯ ಒಡಲು ಬಹುಪಾಲು ಸತು, ಸ್ವಲ್ಪ ತಾಮ್ರ. ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲಿಗೆ 1. ಎರಕ ಹೊಯ್ದು ಅರ ಹಾಕಿದ ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಕೊರೆದ ಗೆರೆ ಬಿಳಿಯಾಗಿ ಕಾಣಲಿ ಎಂದು. ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುವುದು ತಾರಕಶಿ. ಅಗಲವಾಗಿ ಕೆತ್ತಿ ಬೆಳ್ಳಿಯ ತಗಡು ಕೂರಿಸುವುದು ತೆಹನಿಶಾನ್. ಆಮೇಲೆ ಉಜ್ಜಿ ಆ ಕಪ್ಪನ್ನೆಲ್ಲ ತೆಗೆದುಬಿಡುತ್ತಾರೆ. ಈಗ ಒಡಲೂ ಬೆಳ್ಳಿಯೂ ಒಂದೇ ಬಣ್ಣ, ಕೆಲಸವೇ ಕಾಣುವುದಿಲ್ಲ! ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ಪಾತ್ರೆಯನ್ನು ಹದವಾಗಿ ಕಾಯಿಸಿ ಅದನ್ನು ತಿಕ್ಕುತ್ತಾರೆ. ಒಡಲು ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.

ಹುಣಸೆಯ ಹುಳಿ ತಿಂದದ್ದು ಆ ಕಪ್ಪಿನ ಪೊರೆಯನ್ನು. ಮನೆಯಲ್ಲಿ ಸರಿಹೋಗದು. ಬೀದರಿಗೆ ಹೋಗುವವರ ಕೈಲಿ ಕೊಟ್ಟು ಕುಶಲಕರ್ಮಿಗಳಿಂದ ಮತ್ತೆ ಕಪ್ಪು ಹಾಕಿಸಿ. ಮುಂದೆ ಒಣ ಮೆತ್ತನೆ ಬಟ್ಟೆ, ಯಾವಾಗಲಾದರೂ ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟೇ. ಹುಳಿ, ಪಾತ್ರೆ ಪುಡಿ, ನೀರು ಯಾವುದೂ ಬೇಡ. ಮನೆಯಾಕೆಯನ್ನು ಬೈಯಬೇಡಿ, ಈ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಹಾಕಿ ಕೊಡಬೇಕಿದ್ದವರು ಮಾರಿದವರು.

ನಮ್ಮವ್ವನ ಇಳಕಲ್ ಸೀರಿ ಮ್ಯಾಗಿನ ಕಸೂತಿಗೂ ಈಗ ಅಂಗಡ್ಯಾಗ ಕಸೂತಿ ಅಂತ ಮಾರೂದಕ್ಕೂ ಏನ್ ಫರಕ್ ಐತ್ರಿ? ಹೆಂಗ ಗುರ್ತ ಹಿಡೀಬೇಕ್ರಿ?
— ಓದುಗರು, ಹುಬ್ಬಳ್ಳಿ

ಸೀರಿ ತಿರುವಿ ಹಿಂಭಾಗ ನೋಡ್ರಿ. ಕೈ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಕೆಳಗೆ ನಕ್ಷೆಯನ್ನೂ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತಾರೆ. ಗವಂತಿ, ಮುರಗಿ ಎರಡೂ ಹೊಲಿಗೆ ಹೊರಗೂ ಒಳಗೂ ಒಂದೇ ಥರ ಕಾಣುತ್ತವೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕಿದ ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತೆ ಎಂಬ ಅಡ್ಡಹೊಲಿಗೆಗೆ ಹಿಂಭಾಗ ಬೇರೆ. ಮಷಿನ್ ಕೆಲಸವಾದರೆ ಹಿಂದೆ ಇನ್ನೊಂದು ದಾರ ಓಡಿರುತ್ತದೆ, ಕೆಲವೊಮ್ಮೆ ಕಾಗದದಂಥ ಅಸ್ತರೂ ಅಂಟಿರುತ್ತದೆ. ಅವ್ವನ ಸೀರಿ ಮಡಿಕೆ ಬದಲಿಸುತ್ತ ಇಡ್ರಿ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಅಲ್ಲೇ ಸೀಳುತ್ತದೆ.

ಜೇಡಿಮಣ್ಣಿನಲ್ಲಿ ಹಣತೆ, ಸಣ್ಣ ಬೊಂಬೆ ಮಾಡುತ್ತೇನೆ. ಅಡುಗೆಮನೆಯ ಓವನ್ನಿನಲ್ಲಿ 250 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಟೆರಾಕೋಟಾ ಆಗುತ್ತದೆಯೇ?
— ಓದುಗರು, ಪುತ್ತೂರು

ಆಗುವುದಿಲ್ಲ. ಒಣಗುತ್ತದೆ, ಬೇಯುವುದಿಲ್ಲ. ಮಣ್ಣಿನಲ್ಲಿ ಎರಡು ಬಗೆಯ ನೀರಿದೆ. ಕಲಸಿದ ನೀರು 100 ಡಿಗ್ರಿಗೆ ಹೋಗುತ್ತದೆ. ಮಣ್ಣಿನ ಕಣದೊಳಗೇ ಸೇರಿಕೊಂಡಿರುವ ನೀರು ಹೊರಡಲು ಸುಮಾರು 500–600 ಡಿಗ್ರಿ ಬೇಕು. ಅದು ಹೋದ ಮೇಲೆ ಮಾತ್ರ ಮಣ್ಣು ಮತ್ತೆ ಕೆಸರಾಗುವುದಿಲ್ಲ. ಟೆರಾಕೋಟಾ ಗಟ್ಟಿಯಾಗಲು ಸುಮಾರು 900–1000 ಡಿಗ್ರಿ ಬೇಕು. ಅನುಮಾನವಿದ್ದರೆ ಓವನ್ನಿನಿಂದ ತೆಗೆದ ಹಣತೆಯನ್ನು ರಾತ್ರಿ ಬಕೆಟ್ ನೀರಿನಲ್ಲಿ ಬಿಡಿ. ಚೌತಿಯ ಹಸಿಮಣ್ಣಿನ ಗಣಪತಿ ನೀರಿನಲ್ಲಿ ಕರಗುವುದೂ ಇದೇ ಕಾರಣಕ್ಕೆ.

ಹತ್ತಿರದ ಕುಂಬಾರರ ಆವಿಗೆಯಲ್ಲಿ ಅಥವಾ ಪಾಟರಿ ಸ್ಟುಡಿಯೋದಲ್ಲಿ ಕೇಳಿನೋಡಿ, ಬಾಡಿಗೆಗೆ ಸುಟ್ಟುಕೊಡುವವರು ಇರುತ್ತಾರೆ. ಕೊಡುವ ಮುಂಚೆ ಬೊಂಬೆ ಒಳಗೆ ಟೊಳ್ಳಾಗಿರಲಿ, ಎಲ್ಲಾದರೂ ಒಂದು ಸಣ್ಣ ರಂಧ್ರ ಇರಲಿ, ನೆರಳಿನಲ್ಲಿ ಪೂರ್ತಿ ಒಣಗಿರಲಿ. ದಪ್ಪ ಬೊಂಬೆಯೊಳಗೆ ತೇವ ಉಳಿದಿದ್ದರೆ ಆವಿಯಾಗಿ ಒಡೆಯುತ್ತದೆ, ಪಕ್ಕದವರ ಮಡಕೆಯನ್ನೂ ಒಡೆಯುತ್ತದೆ.

ಮುಂದಿನ ಸಂಚಿಕೆಗೆ ಪ್ರಶ್ನೆ ಕಳುಹಿಸುವವರು ಡಬ್ಬದ ಅಥವಾ ಟ್ಯೂಬಿನ ಮುಂಭಾಗದ ಜೊತೆಗೆ ಹಿಂಭಾಗದ ಫೋಟೊವನ್ನೂ ಕಳುಹಿಸಿ. ಉತ್ತರಕ್ಕೆ ಬೇಕಾದ ವಿವರ ಹೆಚ್ಚಾಗಿ ಅಲ್ಲೇ ಇರುತ್ತದೆ.